ಹಸಿವಿನ ಮೇಲೆ ತಪ್ಪು ಹೊರಿಸುವ ಮೊದಲು: ಅಲ್ಸರ್ ಮತ್ತು ರಮಝಾನ್ ಉಪವಾಸ

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಶಾಲೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಹೊಟ್ಟೆನೋವಿಗೆ ಎಂಡೋಸ್ಕೋಪಿ (ಬಾಯಿಂದ ಪೈಪು ಇಳಿಸಿ ನೋಡುವ ಪರೀಕ್ಷೆ) ಮಾಡಿಸಿದೆ. ಸಣ್ಣ ಕರುಳು ಶುರುವಾಗುವ ಜಾಗದಲ್ಲಿ ಅಲ್ಸರ್ ಇದೆ, ಹೆಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾನೂ ಇದೆ ಅಂದರು. 14 ದಿನಕ್ಕೆ ಮಾತ್ರೆ ಕೊಟ್ಟರು. ಒಂಬತ್ತು ದಿನಕ್ಕೇ ನೋವು ಹೋಯಿತು, ಬಾಯಿ ಬೇರೆ ಕಹಿ ಆಗುತ್ತಿತ್ತು, ಬಿಟ್ಟುಬಿಟ್ಟೆ. ಆಮೇಲೆ ಯಾವ ಟೆಸ್ಟೂ ಮಾಡಿಸಿಲ್ಲ. ಕಳೆದ ರಮಝಾನ್‌ನಲ್ಲಿ ಮೊದಲ ವಾರ ಚೆನ್ನಾಗಿದ್ದೆ. ಎರಡನೇ ವಾರದಿಂದ ಮಧ್ಯಾಹ್ನ ಮೂರರ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಕೊರೆದ ಹಾಗೆ ನೋವು. ಸಹರಿ (ಉಪವಾಸ ಶುರುವಾಗುವ ಮೊದಲು ಬೆಳಗಿನ ಜಾವದ ಊಟ) ತಿಂದು ಮಲಗಿದರೆ ಗಂಟಲಿಗೆ ಹುಳಿ ನೀರು. 19ನೇ ಉಪವಾಸಕ್ಕೆ ನಿಲ್ಲಿಸಬೇಕಾಯಿತು. ದಿನಾ ಸಹರಿ ಊಟ ಮುಗಿಸಿ ಪ್ಯಾಂಟೊಪ್ರಜೋಲ್ ಅನ್ನೋ ಆಸಿಡ್ ಮಾತ್ರೆ ತಗೋತಿದ್ದೆ. ಮಧ್ಯಾಹ್ನ ತಲೆನೋವು ಬರಬಾರದು ಅಂತ ಅದರ ಜೊತೆಗೇ ಒಂದು ನೋವಿನ ಮಾತ್ರೆ. ತಣ್ಣನೆ ಹಾಲು ಕುಡಿದರೆ ಸರಿಹೋಗುತ್ತೆ ಅಂತಾರೆ ಅತ್ತೆ. ಉಪವಾಸವೇ ಅಲ್ಸರ್‌ಗೆ ಮದ್ದು ಅಂತಾನೆ ಅಣ್ಣ. ಒಮ್ಮೆ ಅಲ್ಸರ್ ಬಂದವರು ಜನ್ಮದಲ್ಲಿ ಉಪವಾಸ ಇಡಬಾರದು ಅಂತಾರೆ ಪಕ್ಕದ ಮನೆಯವರು. ಈಗಲೂ ವಾರಕ್ಕೆ ಒಂದೆರಡು ಸಲ ಸಣ್ಣಗೆ ಉರಿ ಬರುತ್ತೆ, ಬಂದ ದಿನ ಮಾತ್ರ ಮಾತ್ರೆ ನುಂಗುತ್ತೇನೆ. ರಮಝಾನ್‌ಗೆ ಇನ್ನು ಆರು ವಾರ. ಈ ಸಲ ಇಡಬಹುದಾ? ಹೆಸರು ಬೇಡ.

ಉತ್ತರ: ನಾಳೆಯೇ ಉಪವಾಸ ಶುರು ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಆರು ವಾರ ಇದೆ ಅಂದಿದ್ದೀರಿ. ಅಷ್ಟು ಸಾಕು. ಅದನ್ನು ಸರಿಯಾಗಿ ಬಳಸಿಕೊಂಡರೆ ನೀವು ಉಪವಾಸ ಇಡುವ ಸಾಧ್ಯತೆ ಚೆನ್ನಾಗಿಯೇ ಇದೆ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಎರಡು ಕಡೆ. ಒಂದು, ಒಂಬತ್ತನೇ ದಿನಕ್ಕೆ ಬಿಟ್ಟ ಕೋರ್ಸ್. ಇನ್ನೊಂದು, ಸಹರಿಗೆ ನುಂಗುತ್ತಿದ್ದ ನೋವಿನ ಮಾತ್ರೆ. ನೀವು ಎರಡನ್ನೂ ಹೋಗ್ತಾ ಹೋಗ್ತಾ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಅವೇ. ಅತ್ತೆ, ಅಣ್ಣ, ಪಕ್ಕದ ಮನೆಯವರು ಮೂವರೂ ಮಾತಾಡಿರುವುದು ಹಸಿವಿನ ಬಗ್ಗೆ. ಅಲ್ಸರ್‌ಗೆ ನಿಜವಾದ ಕಾರಣ ಆಗಿರಬಹುದಾದ ಈ ಎರಡರ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ.

ಮೊದಲು ಹಸಿವಿನ ವಿಷಯವೇ ಮುಗಿಸೋಣ. ನಮ್ಮ ಹೊಟ್ಟೆ ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಜೀರ್ಣರಸ ಸುರಿಸುತ್ತದೆ. ಊಟ ಇಲ್ಲದಾಗ ಅದು ನಿಂತುಬಿಡುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಆರೋಗ್ಯವಾಗಿರುವ ಹೊಟ್ಟೆಗೆ ಇದರಿಂದ ಏನೂ ಆಗುವುದಿಲ್ಲ. ಒಳಗೋಡೆಯ ಮೇಲೆ ಲೋಳೆಯ ಪದರ ಇದೆ. ಆ ಲೋಳೆಯೊಳಗೆ ಆಸಿಡ್ ತಗ್ಗಿಸುವ ಬೈಕಾರ್ಬನೇಟ್ ಇದೆ. ಮೇಲಿನ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಲೇ ಇರುತ್ತವೆ. ಹಸಿದ ಮಾತ್ರಕ್ಕೆ ಹೊಟ್ಟೆ ತೂತಾಗುವ ಹಾಗಿದ್ದರೆ ಪ್ರತಿ ರಮಝಾನ್‌ನಲ್ಲೂ ಜಗತ್ತಿನ ಕೋಟಿಗಟ್ಟಲೆ ಜನಕ್ಕೆ ಅಲ್ಸರ್ ಆಗಬೇಕಿತ್ತು, ಅಲ್ವಾ?

ಆದರೆ ಈಗಾಗಲೇ ಗಾಯ ಇದ್ದರೆ ಲೆಕ್ಕ ಬೇರೆ. ಊಟ ಇದ್ದಾಗ ಆಸಿಡ್ ಊಟಕ್ಕೆ ಅಂಟಿಕೊಳ್ಳುತ್ತದೆ. ಹೊಟ್ಟೆ ಖಾಲಿಯಾದ ಮೇಲೆ ಅದು ನೇರವಾಗಿ ಗಾಯದ ಮೇಲೆ ಹರಿಯುತ್ತದೆ. ಸಣ್ಣ ಕರುಳಿನ ಅಲ್ಸರ್ ನೋವು ಖಾಲಿ ಹೊಟ್ಟೆಯಲ್ಲಿ ಜಾಸ್ತಿಯಾಗಿ, ಏನಾದರೂ ತಿಂದ ಕೂಡಲೇ ಇಳಿಯುವುದು ಅದಕ್ಕೇ. ನಿಮ್ಮ ಮೂರು ಗಂಟೆಯ ನೋವು ಇದಕ್ಕೆ ಹೊಂದುತ್ತದೆ.

ಇನ್ನೂ ಒಂದು ಸಣ್ಣ ಸಂಗತಿ ಇದೆ. ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ? ಶಾಲೆ ಮುಗಿಸಿ ಬಂದು ಇಫ್ತಾರ್‌ಗೆ, ಅಂದರೆ ಸಂಜೆ ಉಪವಾಸ ಬಿಡುವ ಊಟಕ್ಕೆ, ಅಡುಗೆ ಶುರು ಮಾಡುವ ಹೊತ್ತು ಅದು. ಬಾಣಲೆಯ ಮುಂದೆ ನಿಂತಾಗ ಬಾಯಲ್ಲಿ ನೀರೂರುತ್ತದೆ. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಆಸಿಡ್ ಕೂಡ ಊರುತ್ತದೆ. ವಾಸನೆ ಬಂದರೆ, ಊಟದ ನೆನಪಾದರೆ ಸಾಕು, ಮೆದುಳು ವೇಗಸ್ ಅನ್ನುವ ನರದ ಮೂಲಕ ಹೊಟ್ಟೆಗೆ ಸುದ್ದಿ ಕಳಿಸುತ್ತದೆ. ಒಂದು ಊಟಕ್ಕೆ ಬರುವ ಆಸಿಡ್‌ನಲ್ಲಿ ಗಣನೀಯ ಭಾಗ ತುತ್ತು ಬಾಯಿಗಿಡುವ ಮೊದಲೇ ಬಂದಿರುತ್ತದೆ. ಹಾಗಾಗಿ ಮನೆಯಲ್ಲಿ ಬೇರೆ ಯಾರಾದರೂ ಒಲೆ ಮುಂದೆ ನಿಲ್ಲುವುದಾದರೆ ಅದೂ ಒಂದು ಚಿಕಿತ್ಸೆಯೇ. ತಮಾಷೆಗೆ ಹೇಳುತ್ತಿಲ್ಲ. ಅಣ್ಣನಿಗೆ ಈ ಕೆಲಸ ವಹಿಸಬಹುದು.

ಅಣ್ಣ ಹೇಳಿದ 'ಉಪವಾಸವೇ ಮದ್ದು' ಅನ್ನುವುದಕ್ಕೆ ಆಧಾರ ಇಲ್ಲ. ಅಜೀರ್ಣ, ಹೊಟ್ಟೆಯುಬ್ಬರ ಇರುವ ಕೆಲವರಿಗೆ ರಮಝಾನ್‌ನಲ್ಲಿ ಹಗುರ ಅನ್ನಿಸುವುದು ನಿಜ. ಹಗಲಿಡೀ ಚಹಾ, ಸಿಗರೇಟು, ಹೊತ್ತಲ್ಲದ ಹೊತ್ತಿನ ತಿಂಡಿ ನಿಂತಿರುತ್ತದೆ, ಅದರ ಲಾಭ ಅದು. ಬ್ಯಾಕ್ಟೀರಿಯಾ ಕೊರೆದ ಗಾಯ ಹಸಿವಿಗೆ ಹೆದರಿ ಮುಚ್ಚಿಕೊಳ್ಳುವುದಿಲ್ಲ. ಪಕ್ಕದ ಮನೆಯವರ ಮಾತೂ ಅಷ್ಟೇ. ಹೆಚ್. ಪೈಲೋರಿ ಪೂರ್ತಿ ಹೋಗಿ, ಗಾಯ ಮಾಗಿ, ನೋವಿನ ಮಾತ್ರೆ ನಿಂತಿದ್ದರೆ ಅಲ್ಸರ್ ಮತ್ತೆ ಬರುವುದು ಅಪರೂಪ. ಅಂಥವರು ವರ್ಷಗಟ್ಟಲೆ ಉಪವಾಸ ಇಟ್ಟು ಆರಾಮಾಗಿರುವುದನ್ನು ನೋಡಿದ್ದೇನೆ.

ಈಗ ನೋವಿನ ಮಾತ್ರೆ. ರಮಝಾನ್‌ಗೆ ಮೊದಲು ಬರುವ ರೋಗಿಗಳಿಗೆ ನಾನು ಒಂದು ಮಾತು ಹೇಳುತ್ತೇನೆ: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಚೀಟಿ ಬೇಡ, ಮಾತ್ರೆಗಳೇ ಬರಲಿ. ಒಮ್ಮೆ ಒಬ್ಬರು ಕವರನ್ನು ನನ್ನ ಮೇಜಿನ ಮೇಲೆ ಸುರಿದರು. ಆಸಿಡ್‌ಗೆ ಮೂರು ಬಗೆ ಮಾತ್ರೆ, ಮುಚ್ಚಳ ಅಂಟಿಕೊಂಡ ಆಂಟಾಸಿಡ್ ಬಾಟಲಿ, ಅದರ ನಡುವೆ ಒಂದು ಸ್ಟ್ರಿಪ್. ಹತ್ತರಲ್ಲಿ ಎಂಟು ಗುಳಿ ಖಾಲಿ. ತಿರುಗಿಸಿ ನೋಡಿದರೆ ಡೈಕ್ಲೋಫೆನಾಕ್. 'ಅದು ಸೊಂಟನೋವಿಗೆ ಡಾಕ್ಟ್ರೇ, ಹೊಟ್ಟೆಗಲ್ಲ' ಅಂದರು. ಆರು ತಿಂಗಳಿಂದ ಹೊಟ್ಟೆನೋವಿಗೆ ಓಡಾಡಿದ್ದರೂ ಆ ಸ್ಟ್ರಿಪ್ಪಿನ ಸುದ್ದಿ ಯಾರ ಹತ್ತಿರವೂ ಎತ್ತಿರಲಿಲ್ಲ. ಹೊಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದರು.

ಸಂಬಂಧ ಇದೆ. ಮೇಲೆ ಹೇಳಿದ ಲೋಳೆ ಪದರವನ್ನು ಕಾಯುವುದಕ್ಕೆ ದೇಹದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕ ಬೇಕು. ನೋವು, ಊತ ತರುವುದೂ ಅದೇ ಗುಂಪಿನ ರಾಸಾಯನಿಕ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನೆಪ್ರಾಕ್ಸೆನ್, ಆಸ್ಪಿರಿನ್ ಇವೆಲ್ಲ ಅದನ್ನು ತಡೆದೇ ನೋವು ಇಳಿಸುತ್ತವೆ. ನೋವು ಇಳಿಯುತ್ತದೆ, ಹೊಟ್ಟೆಯ ಕಾವಲೂ ಇಳಿಯುತ್ತದೆ. ಮುಟ್ಟಿನ ನೋವಿಗೆ ತೆಗೆದುಕೊಳ್ಳುವ ಮೆಫೆನಾಮಿಕ್ ಆಸಿಡ್ ಕೂಡ ಇದೇ ಜಾತಿ, ಅದು ತುಂಬ ಜನಕ್ಕೆ ಗೊತ್ತಿಲ್ಲ. 'ಮಾತ್ರೆ ಬೇಡ, ಇಂಜೆಕ್ಷನ್ ಕೊಡಿ, ಹೊಟ್ಟೆಗೆ ಹೋಗಲ್ಲ' ಅನ್ನುವವರೂ ಇದ್ದಾರೆ. ಇಂಜೆಕ್ಷನ್ ರಕ್ತದ ಮೂಲಕ ಬಂದು ಅದೇ ಕೆಲಸ ಮಾಡುತ್ತದೆ.

ನೀವು ಯಾವ ಮಾತ್ರೆ ತೆಗೆದುಕೊಂಡಿರಿ ಅಂತ ಬರೆದಿಲ್ಲ. ಸ್ಟ್ರಿಪ್ ಸಿಕ್ಕರೆ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಬರೀ ಪ್ಯಾರಸಿಟಮಾಲ್ ಆಗಿದ್ದರೆ ಚಿಂತೆ ಇಲ್ಲ, ಅದು ಹೊಟ್ಟೆಗೆ ಸೌಮ್ಯ. ಆದರೆ ಪ್ಯಾರಸಿಟಮಾಲ್ ಜೊತೆಗೆ ಮೇಲಿನ ಪಟ್ಟಿಯ ಯಾವುದಾದರೂ ಸೇರಿರುವ ಮಾತ್ರೆಗಳು ಬಹಳ ಇವೆ. ಹೆಸರು ನೋಡಿ ಮೋಸ ಹೋಗಬೇಡಿ. ಒಂದು ಎಚ್ಚರಿಕೆ: ಹೃದಯಕ್ಕೆ ಅಂತ ಡಾಕ್ಟರ್ ಕೊಟ್ಟ ಸಣ್ಣ ಡೋಸಿನ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ತಾವೇ ನಿಲ್ಲಿಸಬಾರದು. ಹಾಗೆ ನಿಲ್ಲಿಸುವುದರಿಂದ ಬರುವ ಅಪಾಯ ಅಲ್ಸರ್‌ಗಿಂತ ದೊಡ್ಡದು. ಕೊಟ್ಟವರನ್ನೇ ಕೇಳಿ.

ಆ ತಲೆನೋವು ಯಾಕೆ ಬರುತ್ತಿತ್ತು ಅನ್ನುವುದನ್ನೂ ನೋಡಬೇಕು. ದಿನಕ್ಕೆ ಮೂರು ನಾಲ್ಕು ಲೋಟ ಚಹಾ ಅಥವಾ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅರ್ಧ ದಿನದಿಂದ ಒಂದು ದಿನದ ಒಳಗೆ ತಲೆನೋವು ಹಿಡಿಯುತ್ತದೆ. ಮೊದಲ ಎರಡು ಮೂರು ದಿನ ಜೋರು, ವಾರದ ಮೇಲೆ ತಾನೇ ಇಳಿಯುತ್ತದೆ. ಶಿಕ್ಷಕರಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ, ಸ್ಟಾಫ್ ರೂಮಿನ ಚಹಾ ಲೆಕ್ಕಕ್ಕೇ ಬರುವುದಿಲ್ಲ ನೋಡಿ. ರಮಝಾನ್‌ಗೆ ಎರಡು ವಾರ ಇರುವಾಗಲೇ ಮೂರು ನಾಲ್ಕು ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬನ್ನಿ. ಆಮೇಲೂ ತಲೆನೋವು ಬಂದರೆ ಇಫ್ತಾರ್ ಆದಮೇಲೆ ಅಥವಾ ಸಹರಿಯಲ್ಲಿ ಬರೀ ಪ್ಯಾರಸಿಟಮಾಲ್ ಸಾಕು.

ಒಂಬತ್ತನೇ ದಿನಕ್ಕೆ ಬಿಟ್ಟ ಕೋರ್ಸಿನ ವಿಷಯಕ್ಕೆ ಬರುತ್ತೇನೆ. ಬೈಯುತ್ತೇನೆ ಅಂದುಕೊಳ್ಳಬೇಡಿ. ಆ ಕೋರ್ಸ್ ಸುಲಭದ್ದಲ್ಲ. ಬಾಯಿ ಕಹಿ, ವಾಕರಿಕೆ, ಭೇದಿ ಎಲ್ಲ ಇರುತ್ತದೆ. ನೋವು ಹೋದಮೇಲೆ ಯಾಕೆ ನುಂಗಬೇಕು ಅನ್ನಿಸುವುದು ಸಹಜ. ಆದರೆ ನೋವು ಇಳಿಸಿದ್ದು ಜೊತೆಗಿದ್ದ ಆಸಿಡ್ ಮಾತ್ರೆ. ಬ್ಯಾಕ್ಟೀರಿಯಾ ಒಳಗೇ ಉಳಿದಿರಬಹುದು.

ಅಲ್ಸರ್ ಅಂದರೆ ಖಾರ ಮತ್ತು ಟೆನ್ಷನ್ ಅಂತ ಡಾಕ್ಟರುಗಳೇ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬಲಿಲ್ಲ. ಅಷ್ಟು ಆಸಿಡ್‌ನಲ್ಲಿ ಯಾವ ಕ್ರಿಮಿ ಬದುಕೀತು ಅಂತ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರಾವಣವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಒಳಗೋಡೆ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದಾಗಿ ಇಷ್ಟು ವರ್ಷ ಆದರೂ ಜನ ಖಾರವನ್ನೇ ಬೈಯುತ್ತಾರೆ. ಖಾರವು ಈಗಾಗಲೇ ಆಗಿರುವ ಗಾಯವನ್ನು ಉರಿಸುತ್ತದೆ, ಗಾಯ ಮಾಡುವುದು ಅದಲ್ಲ.

ಹಾಗಾಗಿ ನಿಮ್ಮ ಆರು ವಾರದ ಲೆಕ್ಕ ಹೀಗೆ ಹಾಕೋಣ. ಮೊದಲು ಬ್ಯಾಕ್ಟೀರಿಯಾ ಇನ್ನೂ ಇದೆಯೋ ಇಲ್ಲವೋ ಗೊತ್ತಾಗಬೇಕು. ಅದಕ್ಕೆ ಯೂರಿಯಾ ಉಸಿರಿನ ಪರೀಕ್ಷೆ ಇದೆ, ಮಲದ ಆ್ಯಂಟಿಜೆನ್ ಪರೀಕ್ಷೆ ಇದೆ. ಎರಡಕ್ಕೂ ಪೈಪು ನುಂಗಬೇಕಿಲ್ಲ. ರಕ್ತದ ಪರೀಕ್ಷೆ ಬೇಡ. ಬ್ಯಾಕ್ಟೀರಿಯಾ ಸತ್ತು ತಿಂಗಳುಗಳಾದರೂ ಅದು ಪಾಸಿಟಿವ್ ತೋರಿಸುತ್ತಲೇ ಇರುತ್ತದೆ. ಪರೀಕ್ಷೆಗೆ ಎರಡು ವಾರ ಮೊದಲೇ ಪ್ಯಾಂಟೊಪ್ರಜೋಲ್ ಬಿಟ್ಟಿರಬೇಕು. ಆ್ಯಂಟಿಬಯೋಟಿಕ್ ಆಗಿದ್ದರೆ ನಾಲ್ಕು ವಾರ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿ ಕೂತು ರಿಪೋರ್ಟ್ ಸುಳ್ಳು ನೆಗೆಟಿವ್ ಬರುತ್ತದೆ. ಆ ಎರಡು ವಾರದಲ್ಲಿ ಉರಿ ಬಂದರೆ ಆಂಟಾಸಿಡ್ ಸಿರಪ್ ಕುಡಿದುಕೊಂಡು ನಿಭಾಯಿಸಿ. ನೋವು ಜೋರಾದರೆ ಮಾತ್ರ ಕಾಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಅವರು ಮತ್ತೆ ಎಂಡೋಸ್ಕೋಪಿಯೇ ಬೇಕು ಅಂದರೆ ಒಪ್ಪಿಕೊಳ್ಳಿ, ನಿಮ್ಮ ಕತೆಯಲ್ಲಿ ಅದಕ್ಕೆ ಕಾರಣ ಇದೆ.

ಪಾಸಿಟಿವ್ ಬಂದರೆ 14 ದಿನದ ಕೋರ್ಸ್ ಮತ್ತೆ. ಇಲ್ಲಿ ಒಂದು ತೊಡಕಿದೆ. ಅರ್ಧಕ್ಕೆ ಬಿಟ್ಟ ಆ್ಯಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಪಳಗಿರಬಹುದು. ಅದಕ್ಕೆ ಹಳೆಯ ಚೀಟಿ ಹುಡುಕಿ ತೆಗೆದುಕೊಂಡು ಹೋಗಿ. ಅದರಲ್ಲಿ ಕ್ಲಾರಿತ್ರೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಇದ್ದರೆ ಈ ಸಲ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬಿಸ್ಮತ್ ಅನ್ನುವ ಔಷಧಿ ಸೇರಿದ ಬೇರೆ ಕೋರ್ಸ್ ಕೊಡುವ ಸಾಧ್ಯತೆ ಜಾಸ್ತಿ. ಅದನ್ನು ದಿನಕ್ಕೆ ನಾಲ್ಕು ಸಲ ನುಂಗಬೇಕು. ದಿನಕ್ಕೆ ಎರಡು ಸಲದ ಮಾತ್ರೆಯನ್ನಾದರೆ ಇಫ್ತಾರ್‌ಗೊಂದು ಸಹರಿಗೊಂದು ಹೊಂದಿಸಬಹುದು. ನಾಲ್ಕು ಸಲದ್ದು ಉಪವಾಸದ ದಿನಕ್ಕೆ ಹೊಂದುವುದೇ ಇಲ್ಲ. ಅದಕ್ಕೇ ಇದು ರಮಝಾನ್‌ಗೆ ಮೊದಲೇ ಮುಗಿಯಬೇಕು ಅನ್ನುವುದು. ಎರಡು ವಾರ ಕಾಯುವುದು, ಮೂರು ನಾಲ್ಕು ದಿನ ಪರೀಕ್ಷೆ, ಎರಡು ವಾರ ಮಾತ್ರೆ. ಈ ವಾರವೇ ಶುರು ಮಾಡಿದರೆ ಕೈಯಲ್ಲಿ ಒಂದು ವಾರದ ಮೇಲೆ ಉಳಿಯುತ್ತದೆ. ಮುಂದಿನ ತಿಂಗಳು ನೋಡೋಣ ಅಂದರೆ ಉಳಿಯುವುದಿಲ್ಲ. ಬಿಸ್ಮತ್ ನುಂಗುವಾಗ ಮಲ ಕಪ್ಪಗಾಗುತ್ತದೆ, ನಾಲಿಗೆಯೂ ಕಪ್ಪಾಗಬಹುದು. ಮೊದಲೇ ಗೊತ್ತಿದ್ದರೆ ಗಾಬರಿಯಾಗಿ ಮತ್ತೆ ಒಂಬತ್ತನೇ ದಿನಕ್ಕೆ ಬಿಡುವುದು ತಪ್ಪುತ್ತದೆ. ಬ್ಯಾಕ್ಟೀರಿಯಾ ಹೋಯಿತಾ ಅಂತ ನೋಡುವ ಪರೀಕ್ಷೆ ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ. ಅದು ಈದ್ ಆದಮೇಲೆ ಇರಲಿ.

ಎಂಡೋಸ್ಕೋಪಿ ಮಾಡಿ ಗಾಯ ಇನ್ನೂ ಹಸಿಯಾಗಿದೆ ಅಂತ ಕಂಡರೆ? ಆಗ ನನ್ನ ಉತ್ತರ ಬದಲಾಗುತ್ತದೆ. ಸಣ್ಣ ಕರುಳಿನ ಅಲ್ಸರ್ ಮಾಗಲು ದಿನವೂ ಮಾತ್ರೆ ತೆಗೆದುಕೊಂಡರೆ ಸಾಮಾನ್ಯವಾಗಿ ನಾಲ್ಕು ವಾರ, ಹೊಟ್ಟೆಯದ್ದಾದರೆ ಎಂಟು ವಾರ ಬೇಕು. ಅಷ್ಟು ದಿನ ಉಪವಾಸ ಬೇಡ. ಅಲ್ಸರ್‌ನಿಂದ ಇತ್ತೀಚೆಗೆ ರಕ್ತ ಹೋಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ಮೇಲಿರುವ ಅಲ್ಸರ್ ರೋಗಿಗಳು ತಮ್ಮ ಡಾಕ್ಟರನ್ನು ಕೇಳದೆ ಒಂದು ದಿನವೂ ಇಡಬಾರದು. ರಮಝಾನ್‌ನಲ್ಲಿ ಅಲ್ಸರ್ ಒಡೆದು ಬರುವವರ ಸಂಖ್ಯೆ ಏರಿದ್ದನ್ನು ಕೆಲವು ಆಸ್ಪತ್ರೆಗಳು ವರದಿ ಮಾಡಿವೆ, ಇನ್ನು ಕೆಲವು ಕಡೆ ವ್ಯತ್ಯಾಸ ಕಂಡಿಲ್ಲ. ನನ್ನ ಅನುಭವದಲ್ಲಿ ಹಾಗೆ ಬಂದವರೆಲ್ಲ ಹಳೆಯ ಅಲ್ಸರ್ ಇದ್ದೂ ಮಾತ್ರೆ ಬಿಟ್ಟವರು, ಇಲ್ಲವೇ ನೋವಿನ ಮಾತ್ರೆ ನುಂಗುತ್ತಿದ್ದವರು.

ಪರೀಕ್ಷೆ ನೆಗೆಟಿವ್ ಬಂದರೆ ಸಂತೋಷ. ಆಗ ನಿಮ್ಮ ಹುಳಿ ನೀರು, ಎದೆಯುರಿ ಬರೀ ಆಸಿಡ್ ಮೇಲೆ ಬರುವ ತೊಂದರೆ ಇರಬಹುದು, ಅದನ್ನು ನಿಭಾಯಿಸಿಕೊಂಡು ಉಪವಾಸ ಇಡಬಹುದು.

ಪರೀಕ್ಷೆ ಪಾಸಿಟಿವ್ ಬರಲಿ, ನೆಗೆಟಿವ್ ಬರಲಿ, ಪ್ಯಾಂಟೊಪ್ರಜೋಲ್ ಬೇಕಾಗುತ್ತದೆ. ಅದನ್ನು ನೀವು ಸಹರಿ ಊಟ ಮುಗಿಸಿ ತೆಗೆದುಕೊಳ್ಳುತ್ತಿದ್ದಿರಿ. ಮಾತ್ರೆಯ ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಈ ಜಾತಿಯ ಮಾತ್ರೆಗಳು ಆಸಿಡ್ ಪಂಪುಗಳನ್ನು ಮುಚ್ಚುತ್ತವೆ, ಆದರೆ ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ. ಪಂಪುಗಳು ಏಳುವುದು ಊಟಕ್ಕೆ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದ್ದರೆ ಪಂಪು ಎದ್ದ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಸಿದ್ಧವಾಗಿರುತ್ತದೆ. ಒಮ್ಮೆ ಮುಚ್ಚಿದರೆ ಅದರ ಪರಿಣಾಮ ಒಂದು ದಿನ ನಿಲ್ಲುತ್ತದೆ. ಪೂರ್ತಿ ಹಿಡಿತಕ್ಕೆ ಮೂರು ನಾಲ್ಕು ದಿನ ಬೇಕು, ಹಾಗಾಗಿ ಉರಿ ಬಂದ ದಿನ ಮಾತ್ರ ನುಂಗಿದರೆ ಲಾಭ ಕಡಿಮೆ.

ಇಫ್ತಾರ್‌ಗೆ ಅರ್ಧ ಗಂಟೆ ಮೊದಲು ನುಂಗುವ ಹಾಗಿಲ್ಲವಲ್ಲ, ಅಂತ ಎಲ್ಲರೂ ಕೇಳುತ್ತಾರೆ. ಉಪಾಯ ನಿಮ್ಮ ರೂಢಿಯಲ್ಲೇ ಇದೆ. ಸಂಜೆಯ ಮಗ್ರಿಬ್ ಅಝಾನ್ ಆದಾಗ ಒಂದು ಖರ್ಜೂರ, ನೀರು, ಆ ನೀರಿನ ಜೊತೆಗೇ ಮಾತ್ರೆ. ಆಮೇಲೆ ನಮಾಝ್ ಮುಗಿಸಿ, ಸ್ವಲ್ಪ ಕೂತು, ಅರ್ಧ ಗಂಟೆ ಬಿಟ್ಟು ಊಟ. ಸಹರಿಗೆ ಬೇಕಾದರೆ ಅಲಾರಂ ಬಡಿದ ಕೂಡಲೇ ಮಾತ್ರೆ ನುಂಗಿ, ಆಮೇಲೆ ಒಲೆ ಹಚ್ಚಿ. ನಾನು ಸಾಮಾನ್ಯವಾಗಿ ಇಫ್ತಾರ್ ಹೊತ್ತನ್ನೇ ಹೇಳುತ್ತೇನೆ. ಸಹರಿಯಲ್ಲಿ ನಿದ್ದೆಗಣ್ಣು, ಹತ್ತು ನಿಮಿಷ ಉಳಿದಿರುತ್ತದೆ, ಅರ್ಧ ಗಂಟೆ ಎಲ್ಲಿಂದ ಬರಬೇಕು?

ಆ ಅರ್ಧ ಗಂಟೆಗೆ ಇನ್ನೊಂದು ಲಾಭ ಇದೆ. ದಿನವಿಡೀ ಖಾಲಿಯಿದ್ದ ಹೊಟ್ಟೆಗೆ ಹತ್ತು ನಿಮಿಷದಲ್ಲಿ ಕರಿದದ್ದು, ಸಿಹಿ, ತಣ್ಣನೆ ಶರಬತ್ತು, ಊಟ ಎಲ್ಲವೂ ಒಟ್ಟಿಗೆ ಬಿದ್ದರೆ ಅದು ಬಲೂನಿನ ಹಾಗೆ ಹಿಗ್ಗುತ್ತದೆ. ಅನ್ನನಾಳದ ಕೆಳಗಿನ ಬಾಗಿಲು ಸಡಿಲವಾಗಿ ಹುಳಿ ಮೇಲೆ ಬರುತ್ತದೆ. ಎಣ್ಣೆಯ ತಿಂಡಿ ಹೊಟ್ಟೆ ಬಿಟ್ಟು ಹೋಗುವುದೂ ನಿಧಾನ. ಮೊದಲು ಸ್ವಲ್ಪ, ಆಮೇಲೆ ಊಟ ಅಂತ ಎರಡು ಕಂತು ಮಾಡಿದರೆ ಅರ್ಧ ಉಬ್ಬರ ತಾನೇ ಹೋಗುತ್ತದೆ. ನೀರನ್ನೂ ಅಷ್ಟೇ, ಇಫ್ತಾರ್‌ನಿಂದ ಸಹರಿವರೆಗೆ ಹಂಚಿಕೊಂಡು ಕುಡಿಯಿರಿ. ಸಹರಿ ಮುಗಿಯುವ ಹೊತ್ತಿಗೆ ಒಂದು ಲೀಟರ್ ಒಟ್ಟಿಗೆ ಸುರಿದುಕೊಂಡರೆ ಬಾಯಾರಿಕೆ ತಡೆಯುವುದಿಲ್ಲ, ಶೌಚಾಲಯಕ್ಕೆ ಓಡಾಟ ಮಾತ್ರ. ಏನು ತಿನ್ನಬೇಕು ಅಂತ ಉದ್ದ ಪಟ್ಟಿ ಕೊಡುವುದಿಲ್ಲ. ನಿಮಗೆ ಯಾವುದು ಉರಿ ತರುತ್ತದೋ ಅದು ನನಗಿಂತ ಚೆನ್ನಾಗಿ ನಿಮಗೇ ಗೊತ್ತು.

ಸಹರಿಯನ್ನು ಬಿಡಬೇಡಿ, ಆದರೆ ಹಗುರವಾಗಿರಲಿ. ತಿಂದು ಎರಡು ಗಂಟೆ ಮಲಗಬಾರದು ಅಂತ ನಾವು ಹೇಳುತ್ತೇವೆ. ಬೆಳಗಿನ ಫಜ್ರ್ ನಮಾಝ್ ಆದಮೇಲೆ ಶಾಲೆಗೆ ಹೊರಡುವ ಮೊದಲು ಒಂದು ಸಣ್ಣ ನಿದ್ದೆ ಬೇಕೇ ಬೇಕು ಅನ್ನುವುದೂ ಗೊತ್ತು. ಹಾಗಿದ್ದರೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರೇಳು ಇಂಚಿನ ಮರದ ತುಂಡು ಅಥವಾ ಇಟ್ಟಿಗೆ ಇಡಿ, ಎಡಮಗ್ಗುಲಿಗೆ ಮಲಗಿ. ಎರಡು ದಿಂಬು ಸೇರಿಸಿದರೆ ಕತ್ತು ಮಾತ್ರ ಮಡಚುತ್ತದೆ, ಹೊಟ್ಟೆ ಒತ್ತಿ ಹುಳಿ ಇನ್ನೂ ಜಾಸ್ತಿ ಬರುತ್ತದೆ.

ಅತ್ತೆಯ ಹಾಲಿಗೆ ದೊಡ್ಡ ಇತಿಹಾಸವೇ ಇದೆ. 1915ರಲ್ಲಿ ಶಿಕಾಗೋದ ಬರ್ಟ್ರಂ ಸಿಪ್ಪಿ ಅನ್ನುವ ಡಾಕ್ಟರ್ ಅಲ್ಸರ್ ರೋಗಿಗಳಿಗೆ ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕುಡಿಸುವ ಚಿಕಿತ್ಸೆ ಬರೆದರು. ದಶಕಗಟ್ಟಲೆ ಆಸ್ಪತ್ರೆಗಳಲ್ಲಿ ಅದೇ ನಡೆಯಿತು. ಹಾಲು ಕುಡಿದ ಕೂಡಲೇ ತಂಪು ಅನ್ನಿಸುವುದು ಸುಳ್ಳಲ್ಲ. ಆದರೆ ಹಾಲಿನ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಸ್ವಲ್ಪ ಹೊತ್ತಿನ ಮೇಲೆ ಆಸಿಡ್ ಹೆಚ್ಚಿಸುತ್ತವೆ. ಊಟದ ಜೊತೆ ಒಂದು ಲೋಟ ಹಾಲು ಕುಡಿದರೆ ಏನೂ ತೊಂದರೆ ಇಲ್ಲ, ಅತ್ತೆಯ ಜೊತೆ ಇದಕ್ಕಾಗಿ ವಾದ ಬೇಡ. ಹಾಲು ಕುಡಿದೆನಲ್ಲ ಅಂತ ಮಾತ್ರೆ ಬಿಡಬೇಡಿ.

ಉಪವಾಸವನ್ನು ನಡುವೆಯೇ ನಿಲ್ಲಿಸಿ ಯಾವಾಗ ಆಸ್ಪತ್ರೆಗೆ ಓಡಬೇಕು ಅನ್ನುವುದನ್ನು ಮನೆಯವರೆಲ್ಲ ತಿಳಿದಿರಲಿ. ರಕ್ತ ವಾಂತಿ, ಕಾಫಿಪುಡಿ ಕಲಸಿದ ಹಾಗಿನ ವಾಂತಿ, ಟಾರಿನಂತೆ ಕಪ್ಪಗೆ ಅಂಟಂಟಾಗಿ ನಾರುವ ಮಲ, ತಲೆಸುತ್ತಿ ಬೀಳುವುದು. ಇವು ರಕ್ತ ಹೋಗುತ್ತಿರುವ ಗುರುತು. ಕಬ್ಬಿಣದ ಮಾತ್ರೆ, ಬಿಸ್ಮತ್ ಕೂಡ ಮಲವನ್ನು ಕಪ್ಪು ಮಾಡುತ್ತವೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಇದ್ದಕ್ಕಿದ್ದಂತೆ ಚಾಕು ಹಾಕಿದ ಹಾಗೆ ನೋವು ಬಂದು ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾದರೆ ಅಲ್ಸರ್ ತೂತಾಗಿದೆ ಅಂತಲೇ ತಿಳಿಯಬೇಕು. ಎದೆಯುರಿ ಎಡತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಅದು ಹೃದಯದ್ದಿರಬಹುದು. ಇನ್ನು ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಅಡ್ಡ ಸಿಗುವುದು ಇದ್ದರೆ ಅದು ಅದೇ ದಿನದ ತುರ್ತು ಅಲ್ಲದಿದ್ದರೂ ರಮಝಾನ್ ಮುಗಿಯಲಿ ಅಂತ ಕಾಯಬಾರದು.

ಒಬ್ಬ ಹುಡುಗನ ನೆನಪಿದೆ, ಇಪ್ಪತ್ತೈದರ ಆಸುಪಾಸು. ಮಧ್ಯಾಹ್ನ ನಮಾಝ್ ಆದಮೇಲೆ ನೋವು ಶುರುವಾಗಿತ್ತು. ಇಫ್ತಾರ್‌ಗೆ ಇನ್ನೇನು ಸ್ವಲ್ಪ ಹೊತ್ತು, ಅದಾದ ಮೇಲೆ ಹೋಗೋಣ ಅಂತ ಮೊಣಕಾಲು ಎದೆಗೆ ಮಡಚಿಕೊಂಡು ಮಲಗಿದ್ದ. ಆಸ್ಪತ್ರೆಗೆ ಬಂದಾಗ ಆರು ಗಂಟೆಯ ಮೇಲಾಗಿತ್ತು. ಅಲ್ಸರ್ ತೂತಾಗಿ ಹೊಟ್ಟೆಯೊಳಗೆಲ್ಲ ಸೋರಿತ್ತು. ಆಪರೇಷನ್ ಆಗಿ ಉಳಿದ, ಆದರೆ ಮೂರು ವಾರ ಆಸ್ಪತ್ರೆಯಲ್ಲಿ ಇರಬೇಕಾಯಿತು. ನೋವು ಬಂದ ಕೂಡಲೇ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲ. ನನ್ನ ಮುಂದೆ ಅವನು ಮೊದಲು ಕೇಳಿದ್ದು, 'ಇವತ್ತಿನ ಉಪವಾಸ ಹೋಯ್ತಾ?' ಅಂತ.

ಧರ್ಮದ ವಿಷಯದಲ್ಲಿ ತೀರ್ಪು ಕೊಡುವವನು ನಾನಲ್ಲ, ನಿಮ್ಮ ಆಲಿಮ್‌ರನ್ನು ಕೇಳಿ. ಆದರೆ ಕುರ್‌ಆನ್‌ನ ಅಲ್-ಬಖರಾ ಅಧ್ಯಾಯದ 184 ಮತ್ತು 185ನೇ ವಚನಗಳಲ್ಲಿ ರೋಗಿಗಳು ಬೇರೆ ದಿನಗಳಲ್ಲಿ ಎಣಿಕೆ ತುಂಬಿಸಬಹುದು ಅಂತ ಇರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಂದೂ ಉಪವಾಸ ಇಡಲಾಗದ ದೀರ್ಘ ಕಾಯಿಲೆಯವರಿಗೆ ಫಿದ್ಯಾ (ಉಪವಾಸದ ಬದಲಿಗೆ ಬಡವರಿಗೆ ಊಟ ಕೊಡುವುದು) ಇದೆ. ನಿಮ್ಮದು ಹಾಗಲ್ಲ, ವಾಸಿಯಾಗುವ ಕಾಯಿಲೆ. ಎಂಡೋಸ್ಕೋಪಿಯಿಂದ ಉಪವಾಸ ಮುರಿಯುತ್ತದಾ ಅಂತಲೂ ಕೇಳುವವರಿದ್ದಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ದ್ರವ ಅಥವಾ ಬೇರೇನೂ ಒಳಗೆ ಹೋಗದಿದ್ದರೆ ಮುರಿಯುವುದಿಲ್ಲ ಅಂದಿತು. ನಿಜ ಹೇಳಬೇಕೆಂದರೆ ನಾವು ಮಾಡುವಾಗ ಗಂಟಲಿಗೆ ಸ್ಪ್ರೇ ಹೊಡೆಯುತ್ತೇವೆ, ನೀರು ಬಿಟ್ಟು ಲೆನ್ಸ್ ತೊಳೆಯುತ್ತೇವೆ. ಹಾಗಾಗಿ ರಮಝಾನ್‌ಗೆ ಮೊದಲೇ ಮಾಡಿಸುವುದು ಲೇಸು.

ಒಂದು ವೇಳೆ ನಡುವೆ ನಾಲ್ಕೈದು ದಿನ ಬಿಡಬೇಕಾದರೆ ಅದನ್ನು ಸೋಲು ಅಂದುಕೊಳ್ಳಬೇಡಿ. ಮುಟ್ಟಿನ ದಿನಗಳಿಗೆ ಪ್ರತಿ ವರ್ಷ ನೀವು ಹೇಗೂ ಕಝಾ, ಅಂದರೆ ಬಿಟ್ಟ ಉಪವಾಸಗಳನ್ನು ಆಮೇಲೆ, ಇಡುತ್ತೀರಿ. ಆ ಲೆಕ್ಕಕ್ಕೆ ಇವೂ ಸೇರುತ್ತವೆ. ಹಗಲು ಚಿಕ್ಕದಾಗಿರುವ ತಿಂಗಳಲ್ಲಿ ವಾರಕ್ಕೊಂದರಂತೆ ಇಟ್ಟರೆ ಹೊಟ್ಟೆಗೂ ಸುಲಭ. ಅಂದ ಹಾಗೆ, ಮುಟ್ಟಿನ ಆ ದಿನಗಳಲ್ಲಿ ಮನೆಯಲ್ಲಿ ಎಲ್ಲರೂ ಉಪವಾಸ ಇರುವಾಗ ತಾನೊಬ್ಬಳೇ ಹೇಗೆ ತಿನ್ನಲಿ ಅಂತ ಹಸಿದೇ ಇರುವ ಹೆಣ್ಣುಮಕ್ಕಳು ಬಹಳ. ಹಸಿದ ಹೊಟ್ಟೆಗೆ ಒಂದು ಮೆಫೆನಾಮಿಕ್ ಆಸಿಡ್ ಬೇರೆ. ಆ ದಿನಗಳಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡಾದರೂ ಸರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹೊಟ್ಟೆನೋವಿಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳಿ, ಅದೂ ಸಾಲದಿದ್ದರೆ ಪ್ಯಾರಸಿಟಮಾಲ್. ಹಳೆಯ ಚೀಟಿ ಮತ್ತು ಮಾತ್ರೆಗಳ ಕವರ್ ಈ ವಾರವೇ ಡಾಕ್ಟರ ಮೇಜಿಗೆ ತಲುಪಲಿ.